ಕವಿತೆಯನ್ನು ಮತ್ತೆ ಓದಿದಾಗ ನಾನು ಬರೆದ ಪ್ರಬಂಧವೇ ತಪ್ಪು ಅನ್ನಿಸುತ್ತಿದೆ, ಏನು ಮಾಡಲಿ?

ತಿದ್ದಿ ಕೊಡಲು ಒಂದು ವಾರ ಸಿಕ್ಕಿದೆ, ಆದರೆ ಕವಿತೆಗೂ ನೀವು ಬರೆದದ್ದಕ್ಕೂ ತಾಳೆಯಾಗುತ್ತಿಲ್ಲ, ತೇಪೆ ಹಾಕಲೇ ಅಥವಾ ಹೊಸದಾಗಿ ಬರೆಯಲೇ ಎಂದು ಕೇಳಿದ್ದೀರಿ. ಎಂ.ಎ. ಓದುವಾಗ ನಾನು ಎರಡನ್ನೂ ಮಾಡಿದ್ದೇನೆ. ಮೊದಲು ತೇಪೆ ಹಾಕಿದೆ, ನಿಲ್ಲಲಿಲ್ಲ. ಆಮೇಲೆ ಹೊಸದಾಗಿ ಬರೆದೆ.

ನನ್ನ ಪಾಲಿಗೆ ಬಂದದ್ದು ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’. 1932ರ ‘ಗರಿ’ ಸಂಕಲನದ ಕವಿತೆ. ನನಗೆ ಪೂರ್ತಿ ಬಾಯಿಪಾಠ ಬರುತ್ತಿತ್ತು, ತೊಂದರೆ ಶುರುವಾದದ್ದೇ ಅಲ್ಲಿಂದ. ಬಾಯಿಗೆ ಬರುವ ಪದ್ಯವನ್ನು ಪುಸ್ತಕ ತೆರೆದು ನೋಡುವವರು ಯಾರು? ಹಕ್ಕಿ ಅಂದರೆ ಕಾಲ ಅಂತ ಎಲ್ಲರಿಗೂ ಗೊತ್ತು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಸಂಹಾರಕ ಕಾಲ’ ಅಂತ ತಲೆಬರಹ ಕೊಟ್ಟು ಎಂಟು ಪುಟ ಬರೆದೆ. ಆಧಾರವಾಗಿ ನಡುವೆ ಬರುವ ಈ ಸಾಲುಗಳು:

ರಾಜ್ಯದ ಸಾಮ್ರಾಜ್ಯದ ತೆನೆ ಒಕ್ಕಿ
ಮಂಡಲ-ಗಿಂಡಲಗಳ ಗಡ ಮುಕ್ಕಿ

ಇದಾದ ಮೇಲೆ ಮೂರು ಚುಕ್ಕಿ ಹಾಕಿ, ಬ್ರಹ್ಮಾಂಡಗಳನ್ನು ಒಡೆಯುವ ಕೊನೆಯ ನುಡಿಗೆ, ಅಂದರೆ ಕೊನೆಯ ಚರಣಕ್ಕೆ, ನೇರ ಹಾರಿದ್ದೆ. ಮೇಷ್ಟ್ರು ಬೇರೇನೂ ಬರೆಯಲಿಲ್ಲ. ಆ ಮೂರು ಚುಕ್ಕಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟರು.

ಚುಕ್ಕಿಗಳ ಕೆಳಗೆ ನಾನು ಮುಚ್ಚಿಟ್ಟಿದ್ದು ‘ಹೊಸಗಾಲದ ಹಸುಮಕ್ಕಳ ಹರಸಿ’ ಎಂದು ಮುಗಿಯುವ ನುಡಿ. ಬೇಕಂತಲೇ ಬಿಟ್ಟದ್ದಲ್ಲ, ನನ್ನ ವಾದಕ್ಕೆ ಬೇಡವಾದದ್ದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಆ ನುಡಿಯ ಕ್ರಿಯಾಪದಗಳನ್ನಷ್ಟೇ ನೋಡಿ: ಒರಸಿ, ತೆರೆಸಿ, ಚೇತನಗೊಳಿಸಿ, ಹರಸಿ. ಅಳಿಸುವುದು ಒಂದು, ಕೊಡುವುದು ಮೂರು. ಕೊಲ್ಲಲು ಬಂದ ಹಕ್ಕಿ ಮಕ್ಕಳನ್ನು ಹರಸುತ್ತದೆಯೇ?

ಆಗ ತೇಪೆ ಹಾಕಿದೆ. ‘ಆದರೆ ಕಾಲಕ್ಕೆ ಇನ್ನೊಂದು ಮುಖವೂ ಇದೆ’ ಎಂದು ಕೊನೆಗೆ ಒಂದು ಪ್ಯಾರಾ. ಈ ‘ಇನ್ನೊಂದು ಮುಖ’ ಇದೆಯಲ್ಲ, ಸಾಹಿತ್ಯದ ವಿದ್ಯಾರ್ಥಿಗಳು ಸಿಕ್ಕಿಬಿದ್ದಾಗಲೆಲ್ಲ ಜೇಬಿನಿಂದ ತೆಗೆಯುವ ಮಾತು. ಎಂಟು ಪುಟ ಸಂಹಾರ, ಅರ್ಧ ಪುಟ ಆಶೀರ್ವಾದ. ಓದಿದರೆ ಇಬ್ಬರು ಬರೆದಂತಿತ್ತು.

ದಾರಿ ಸಿಕ್ಕಿದ್ದು ಕವಿತೆಯನ್ನು ಕೈಯಲ್ಲಿ ನಕಲು ಮಾಡುವಾಗ. ‘ತೆನೆ ಒಕ್ಕಿ’ ಎಂದು ಬರೆಯುತ್ತಿದ್ದವನ ಪೆನ್ನು ನಿಂತಿತು. ನಾನು ಇಷ್ಟು ದಿನ ಅದನ್ನು ‘ನಾಶಮಾಡಿ’ ಎಂದೇ ಓದಿಕೊಂಡಿದ್ದೆ. ಆದರೆ ಒಕ್ಕುವುದು ಕಣದ ಕೆಲಸ, ಕಾಳು ಬೇರೆ ಹೊಟ್ಟು ಬೇರೆ ಮಾಡುವುದು. ತೆನೆ ಪುಡಿಯಾಗುತ್ತದೆ ನಿಜ, ಆದರೆ ಕಾಳಿಗಾಗಿ. ಅಂದರೆ ನಾನು ಸಂಹಾರಕ್ಕೆ ಸಾಕ್ಷಿ ಎಂದು ಕೊಟ್ಟಿದ್ದ ಸಾಲಿನೊಳಗೇ ಸುಗ್ಗಿ ಇತ್ತು! ಅಲ್ಲಿಂದ ಮುಂದೆ ‘ಮಂಡಲ-ಗಿಂಡಲ’ವೂ ಬೇರೆ ಥರ ಕೇಳಿಸಿತು. ಕಾಫಿ-ಗೀಫಿ ಅನ್ನುವ ಹಾಗೆ ಸಾಮ್ರಾಜ್ಯಗಳ ಹೆಸರಿಗೆ ಒಂದು ‘ಗಿ’ ಅಂಟಿಸಿದರೆ ಸಾಕು, ಅವುಗಳ ಬೆಲೆ ಅಲ್ಲೇ ಇಳಿಯಿತು. ಗೋಳಾಡುವ ಕವಿ ಹೀಗೆ ಮಾತಾಡುವುದಿಲ್ಲ. ನನ್ನ ಪ್ರಬಂಧದ ಶೋಕದ ದನಿ ನನ್ನದೇ ಆಗಿತ್ತು, ಕವಿತೆಯದ್ದಲ್ಲ.

ಕೊನೆಯ ನುಡಿಯಲ್ಲಿ ಇನ್ನೂ ಮಜಾ ಇದೆ. ಬ್ರಹ್ಮಾಂಡದಲ್ಲಿ ಅಂಡ ಅಂದರೆ ಮೊಟ್ಟೆ. ಚುಂಚ ಚಾಚಿದ ಹಕ್ಕಿ, ಎದುರಿಗೆ ಮೊಟ್ಟೆ. ಒಡೆದರೆ ನಾಶವೋ, ಮರಿಯೋ? ಮರಿಯೇ ಎಂದು ಬರೆಯಲು ಕೈ ತುರಿಸುತ್ತಿತ್ತು, ಆದರೆ ಅಲ್ಲಿ ‘ಹೊಂಚ’ ಎಂಬ ಪದ ಕೂತಿದೆ. ಹೊಂಚು ಹಾಕುವುದು ಬೇಟೆಗೆ. ಜೊತೆಗೆ ‘ಎಂದೊ’, ‘ಬಲ್ಲರು ಯಾರಾ’. ಕವಿಯೇ ಗಂಟು ಬಿಚ್ಚದೆ ಇಟ್ಟದ್ದನ್ನು ನಾನು ಬಿಚ್ಚಿ ತೋರಿಸುವುದು ಸರಿಯಲ್ಲ ಅನ್ನಿಸಿ, ಅದನ್ನು ಹಾಗೇ ಬರೆದೆ.

ಹೊಸ ಪ್ರಬಂಧ ಶುರುವಾದದ್ದು ‘ತೆನೆ ಒಕ್ಕಿ’ ಎಂಬ ಎರಡು ಪದಗಳಿಂದ. ಎಂಟು ಪುಟ ಐದಾಯಿತು. ಹಳೆಯದರಲ್ಲಿ ಉಳಿದದ್ದು ಹಕ್ಕಿಯ ಬಣ್ಣಗಳ ಬಗ್ಗೆ ಬರೆದ ಒಂದು ಪುಟ, ಅಷ್ಟೇ. ಎರಡು ರಾತ್ರಿ ಹಿಡಿಯಿತು. ಏನು ಹೇಳಬೇಕು ಅಂತ ಗೊತ್ತಾದ ಮೇಲೆ ಬರವಣಿಗೆ ನಿಧಾನವಾಗುವುದಿಲ್ಲ.

ಹಾಗಾಗಿ ನಿಮ್ಮ ಪ್ರಬಂಧದಲ್ಲಿ ಮೊದಲು ನೀವು ಉದ್ಧರಿಸದೇ ಬಿಟ್ಟ ಸಾಲುಗಳಿಗೆ ಗುರುತು ಹಾಕಿ. ಅವು ನಿಮ್ಮ ವಾದಕ್ಕೆ ಸೇರಿಕೊಳ್ಳುವುದಾದರೆ ತೇಪೆ ಸಾಕು. ಅವುಗಳನ್ನು ಸೇರಿಸಿದ ಕೂಡಲೇ ‘ಆದರೆ’ ಎಂದು ಬರೆಯಬೇಕಾಗಿ ಬಂದರೆ ಹಳೆಯ ಫೈಲನ್ನು ಪಕ್ಕಕ್ಕಿಟ್ಟು ಖಾಲಿ ಹಾಳೆ ತೆಗೆಯಿರಿ. ಹಳೆಯದರ ಮೇಲೇ ತಿದ್ದಲು ಹೋದರೆ ಹಳೆಯ ವಾಕ್ಯಗಳು ಮತ್ತೆ ಅದೇ ದಾರಿಗೆ ಎಳೆಯುತ್ತವೆ. ಸುಲಭ ಅನ್ನಿಸಿ ದಾಟಿಹೋದ ಪದಗಳಿಗೂ ನಿಘಂಟು ನೋಡಿ. ಕಷ್ಟದ ಪದಗಳನ್ನು ಹೇಗೂ ನೋಡಿರುತ್ತೀರಿ. ಇನ್ನು ತಲೆಬರಹ ಬದಲಾಗುವುದಿದ್ದರೆ ಕೊನೆಯ ದಿನದ ತನಕ ಕಾಯಬೇಡಿ, ನಾಳೆಯೇ ಹೋಗಿ ನಿಮ್ಮ ಮೇಷ್ಟ್ರಿಗೆ ಒಂದು ಮಾತು ಹೇಳಿ.