ಸಕಲೇಶಪುರ ಕಡೆಯಿಂದ ಸರ್ಕಾರಿ ಆಡಿಟರ್ ಆಗ್ಬೇಕು ಅಂದ್ರೆ

ಸಿಎ ಮಾಡ್ದೆ, ಬೆಂಗಳೂರಲ್ಲಿ ರೂಮ್ ಮಾಡ್ಕೊಂಡು ವರ್ಷಗಟ್ಲೆ ಕೋಚಿಂಗಿಗೆ ದುಡ್ಡು ಸುರೀದೆ ಹಾಸನ ಕಡೆ ಹುಡುಗ್ರು ಸರ್ಕಾರಿ ಆಡಿಟರ್, ಅಂದ್ರೆ ಲೆಕ್ಕಪತ್ರ ತಪಾಸಣೆ ಮಾಡೋರು, ಆಗೋಕೆ ಆಗುತ್ತಾ ಅಂತ ಕೇಳಿದ್ರಿ, ಬಿಕಾಂ ಕೊನೇ ವರ್ಷದಲ್ಲಿರೋ ನಿಮ್ಮ ಪರಿಚಯದ ಹುಡುಗಿ ವಿಷಯನೂ ಹೇಳಿದ್ರಿ. ಆಗುತ್ತೆ. ನಮ್ ಕಡೆಯಿಂದ ಹೋಗಿ ಕೆಲ್ಸ ಮಾಡ್ತಿರೋರು ಇದಾರೆ. ಆದ್ರೆ ಹೊರಗಿನವ್ರಿಗೆ ಇದು ಅರ್ಥ ಆಗ್ಬೇಕು ಅಂದ್ರೆ ನಮ್ಮೂರುಗಳಲ್ಲಿ ಆಡಿಟ್ ಅನ್ನೋ ಮಾತು ಮೊದ್ಲು ಎಲ್ಲಿ ಕಿವಿಗೆ ಬೀಳುತ್ತೆ ಅಂತ ಹೇಳ್ಬೇಕಾಗುತ್ತೆ.

ನಮ್ಮದು ಜಿಲ್ಲೆಯ ಪಶ್ಚಿಮದ ಅಂಚು, ಶಿರಾಡಿ ಘಾಟಿ ಇಳಿದ್ರೆ ದಕ್ಷಿಣ ಕನ್ನಡ ಶುರು. ಇಲ್ಲಿ ಕಾಫಿ ಏಲಕ್ಕಿ ಮೆಣಸು, ಆಲೂರು ದಾಟಿ ಹಾಸನದ ಕಡೆ ಹೋದಂಗೆ ಜೋಳ ಆಲೂಗಡ್ಡೆ, ಅರಸೀಕೆರೆ ಕಡೆ ತೆಂಗು ರಾಗಿ. ಬೆಳೆ ಬೇರೆ ಬೇರೆ ಆದ್ರೂ ಜಿಲ್ಲೆ ತುಂಬ ಹಾಲಿನ ಡೈರಿ ಇದೆ. ಹಾಸನ ಹಾಲು ಒಕ್ಕೂಟ, ಅಂದ್ರೆ ಹಾಮೂಲ್, ಹಾಸನ ಚಿಕ್ಕಮಗಳೂರು ಕೊಡಗು ಮೂರೂ ಜಿಲ್ಲೆಯದ್ದು, ಅದರ ಕೆಳಗೆ ಊರೂರಿಗೂ ಹಾಲು ಉತ್ಪಾದಕರ ಸಂಘ. ಬಟವಾಡೆ, ಅಂದ್ರೆ ಹಾಲಿನ ದುಡ್ಡು ಹಂಚೋ ದಿನ ಯಾವುದು, ಬೋನಸ್ ಎಷ್ಟು, ಈ ಸಲ ಆಡಿಟ್ ಆಯ್ತಾ, ಸಂಘಕ್ಕೆ ಎ ಗ್ರೇಡ್ ಬಂತಾ ಬಿ ಬಂತಾ, ಇದೆಲ್ಲ ಡೈರಿ ಜಗಲಿ ಮೇಲೆ ಕ್ಯಾನ್ ಇಟ್ಕೊಂಡು ಕೂತ ಹೆಂಗಸ್ರೇ ಮಾತಾಡೋ ವಿಷಯ.

ಆಡಿಟರ್ ಬಂದಾಗ ಏನು ನೋಡ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಪರೀಕ್ಷೆಗೆ ಓದೋ ಹುಡುಗ್ರಿಗೂ ನಾನು ಇದನ್ನೇ ಮೊದ್ಲು ತೋರ್ಸೋದು. ಸದಸ್ಯರಿಂದ ತಗೊಂಡ ಹಾಲು ಒಂದು ಪುಸ್ತಕದಲ್ಲಿ ಇರುತ್ತೆ, ಒಕ್ಕೂಟಕ್ಕೆ ಹೋದ ಹಾಲು ಅವ್ರು ಕೊಟ್ಟ ಚೀಟೀಲಿ ಇರುತ್ತೆ, ಊರಲ್ಲೇ ಚಿಲ್ಲರೆ ಮಾರಿದ್ದು ಇನ್ನೊಂದು ಕಡೆ. ಇವು ಮೂರೂ ತಾಳೆ ಆಗ್ಬೇಕು. ಆಮೇಲೆ ಫ್ಯಾಟ್ ಟೆಸ್ಟಿಗೆ ಅಂತ ಪ್ರತಿಯೊಬ್ರ ಕ್ಯಾನಿಂದ ಒಂದಿಷ್ಟು ಸ್ಯಾಂಪಲ್ ಹಾಲು ತೆಗೀತಾರಲ್ಲ, ಅದು ಒಬ್ಬೊಬ್ರದ್ದು ನೋಡಿದ್ರೆ ಏನೂ ಅಲ್ಲ, ಆದ್ರೆ ಇಡೀ ಊರಿಂದು ಎರಡು ಹೊತ್ತೂ ಸೇರಿದ್ರೆ ತಿಂಗಳಿಗೆ ದೊಡ್ಡ ಮೊತ್ತ, ಅದನ್ನ ಮಾರಿದ ದುಡ್ಡು ಕ್ಯಾಶ್ ಬುಕ್ಕಿಗೆ ಬಂದಿದ್ಯಾ ಅಂತ ಒಳ್ಳೆ ಆಡಿಟರ್ ಮೊದ್ಲೇ ನೋಡ್ತಾರೆ. ಪಶು ಆಹಾರದ ಮೂಟೆ ಸ್ಟಾಕ್ ರಿಜಿಸ್ಟರಲ್ಲಿ ಎಷ್ಟಿದೆ, ಗೋಡೌನಲ್ಲಿ ಎಣಿಸಿದ್ರೆ ಎಷ್ಟಿದೆ. ಸಾಲಕ್ಕೆ ಕೊಟ್ಟ ಮೂಟೆ ದುಡ್ಡು ಬಟವಾಡೇಲಿ ಹಿಡ್ಕೊಂಡಿದಾರಾ ಇಲ್ವಾ. ಲಾಭ ಬಂದಿದ್ರೆ ಆಪದ್ಧನ ನಿಧಿಗೆ (ರಿಸರ್ವ್ ಫಂಡಿಗೆ) ಹೋಗ್ಬೇಕಾದ ಪಾಲು ಹೋಗಿದ್ಯಾ. ಇಷ್ಟು ಅರ್ಥ ಆದ ಹುಡುಗಿಗೆ ಅಕೌಂಟೆನ್ಸಿ ಪುಸ್ತಕದಲ್ಲಿ ಬರೋ ಹೊಂದಾಣಿಕೆ ಪಟ್ಟಿ, ದಾಸ್ತಾನು ಪರಿಶೀಲನೆ, ವೋಚಿಂಗ್ (ಲೆಕ್ಕವನ್ನ ರಸೀದಿ ಜೊತೆ ತಾಳೆ ನೋಡೋದು) ಇವೆಲ್ಲ ಹೊಸದು ಅನ್ಸಲ್ಲ, ಬಾಯಿಪಾಠ ಮಾಡೋ ಕಷ್ಟನೂ ಇರಲ್ಲ.

ಈಗ ದಾರಿ ಯಾವ್ಯಾವ್ದು ಅಂದ್ರೆ, ರಾಜ್ಯದ್ದೇ ಬೇರೆ ಕೇಂದ್ರದ್ದೇ ಬೇರೆ, ಇದನ್ನ ಕಲಸ್ಕೊಂಡೇ ತುಂಬಾ ಜನ ಟೈಮ್ ಹಾಳು ಮಾಡ್ಕೊಳ್ಳೋದು. ರಾಜ್ಯದಲ್ಲಿ ಎರಡು ಇಲಾಖೆ ನೆನಪಿಟ್ಕೊಳ್ಳಿ. ಒಂದು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ, ಗ್ರಾಮ ಪಂಚಾಯ್ತಿ ಲೆಕ್ಕ ನೋಡೋಕೆ ಬರೋದು ಇವ್ರೇ. ಇನ್ನೊಂದು ಸಹಕಾರ ಲೆಕ್ಕ ಪರಿಶೋಧನಾ ಇಲಾಖೆ, ಡೈರಿ ಸಂಘ, ಸೊಸೈಟಿ, ಕೃಷಿ ಪತ್ತಿನ ಸಂಘ ಇವೆಲ್ಲ 1959ರ ಸಹಕಾರ ಸಂಘಗಳ ಕಾಯ್ದೆ ಕೆಳಗೆ ಬರೋದು, ಸಂಘದೋರು ಮಹಾಸಭೇಲಿ ಪಟ್ಟಿಯಲ್ಲಿರೋ ಖಾಸಗಿ ಸಿಎಗಳನ್ನೂ ನೇಮಿಸ್ಕೋಬಹುದು, ಇಲಾಖೆಯವ್ರೂ ಮಾಡ್ತಾರೆ. ಹುದ್ದೆ ಕರೆಯೋದು ಸಾಮಾನ್ಯವಾಗಿ ಕೆಪಿಎಸ್‌ಸಿ, ಅಂದ್ರೆ ಕರ್ನಾಟಕ ಲೋಕಸೇವಾ ಆಯೋಗ. ಮೇಲಿನ ಹುದ್ದೆಗೆ, ಅಂದ್ರೆ ಸಹಾಯಕ ನಿಯಂತ್ರಕರು ಅಂತ ಬರೋದಕ್ಕೆಲ್ಲ, ಬಿಕಾಂ ಅಥವಾ ಅದೇ ಥರದ ಡಿಗ್ರಿ ಬೇಕು, ಬಿಎ ಮಾಡಿದೋರು ಅರ್ಜಿ ಹಾಕೋ ಮುಂಚೆ ಅಧಿಸೂಚನೇಲಿ ವಿದ್ಯಾರ್ಹತೆ ಕಾಲಂ ಎರಡು ಸಲ ಓದಿ. ಅಧಿಸೂಚನೇಲಿ ಉಳಿಕೆ ಮೂಲ ವೃಂದ (ರಾಜ್ಯದ ಉಳಿದ ಭಾಗದ ಹುದ್ದೆ), ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದ ಅಂತ ಎರಡು ಬರುತ್ತೆ, ಕಲ್ಯಾಣ ಕರ್ನಾಟಕದೋರಿಗೆ ಸಿಗೋ 371ಜೆ ಮೀಸಲಾತಿ ಹಾಸನದೋರಿಗೆ ಇಲ್ಲ, ಹಾಗಾಗಿ ಪೇಪರಲ್ಲಿ ಒಟ್ಟು ಹುದ್ದೆ ಸಂಖ್ಯೆ ನೋಡಿ ಖುಷಿ ಪಡೋದಕ್ಕಿಂತ ಉಳಿಕೆ ಮೂಲ ವೃಂದದಲ್ಲಿ ನಮ್ಮ ಪಾಲಿಗೆ ಎಷ್ಟಿದೆ ಅಂತ ನೋಡ್ಬೇಕು.

ಕೇಂದ್ರದ್ದು ಅಂದ್ರೆ ಸಿಎಜಿ (ಮಹಾಲೆಕ್ಕಪರಿಶೋಧಕರು), ಸಂವಿಧಾನದ 148ನೇ ವಿಧಿಯಲ್ಲಿ ಬರೋ ಸಂಸ್ಥೆ. ಅದರ ಕೆಳಗಿನ ಆಡಿಟರ್ ಹುದ್ದೆಗೆ ಎಸ್‌ಎಸ್‌ಸಿ ಸಿಜಿಎಲ್, ಅಂದ್ರೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಡಿಗ್ರಿ ಆದೋರಿಗೆ ನಡೆಸೋ ಪರೀಕ್ಷೆ ಬರೀಬೇಕು. ಯಾವ ಡಿಗ್ರಿ ಆದ್ರೂ ನಡೆಯುತ್ತೆ, ವಯಸ್ಸು 27 ಒಳಗೆ, ಮೀಸಲಾತಿ ಇರೋರಿಗೆ ಸಡಿಲಿಕೆ ಇದೆ, ಮೂಲ ವೇತನ 29,200ರಿಂದ ಶುರು. ಸೇರಿದ್ಮೇಲೆ ಒಳಗೆ ಎಸ್‌ಎಎಸ್ ಪರೀಕ್ಷೆ ಅಂತ ಇರುತ್ತೆ, ಅದು ಪಾಸ್ ಮಾಡಿದ್ರೆ ಸಹಾಯಕ ಲೆಕ್ಕಪರಿಶೋಧನಾಧಿಕಾರಿ ಆಗೋ ದಾರಿ ತೆರೆಯುತ್ತೆ. ಇದಕ್ಕೂ ಮೇಲೆ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಬರೆದು ಹೋಗೋ ಐಎ ಅಂಡ್ ಎಎಸ್ (ಭಾರತೀಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಸೇವೆ) ಇದೆ, ಅದರ ಓದೇ ಬೇರೆ.

ನಮ್ ಕಡೆ ಹುಡುಗ್ರು ಎಡವೋದು ಇಲ್ಲೇ. ಸಿಜಿಎಲ್ ಇಂಗ್ಲಿಷ್ ಹಿಂದೀಲಿ ಮಾತ್ರ. ಮೊದಲ ಹಂತದಲ್ಲಿ ಒಂದು ಗಂಟೇಲಿ 100 ಪ್ರಶ್ನೆ, ಅದ್ರಲ್ಲಿ 25 ಬರೀ ಇಂಗ್ಲಿಷು, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಟ್. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಆಮೇಲೆ ಡಿಗ್ರೀಲೂ ನೋಟ್ಸ್ ಕನ್ನಡದಲ್ಲೇ ಓದಿದ ಹುಡುಗನಿಗೆ ಲೆಕ್ಕ ಬರುತ್ತೆ, ರೀಸನಿಂಗ್ ಬರುತ್ತೆ, ಪ್ರಶ್ನೆ ಓದೋದ್ರಲ್ಲೇ ಟೈಮ್ ಹೋಗಿಬಿಡುತ್ತೆ. ಇದು ಅನ್ಯಾಯ ಅಂತ ನನಗೆ ಬಲವಾಗಿ ಅನ್ಸುತ್ತೆ, ಅದೇ ಎಸ್‌ಎಸ್‌ಸಿ ಕೆಳ ಹಂತದ ಹುದ್ದೆಗೆ ನಡೆಸೋ ಎಂಟಿಎಸ್ ಪರೀಕ್ಷೆ ಕನ್ನಡದಲ್ಲಿ ಕೊಡೋಕೆ ಆಗುತ್ತೆ ಅಂದ್ರೆ ಇದನ್ನೂ ಕೊಡ್ಬಹುದು. ಕೊಡೋ ತನಕ ಕಾಯೋಕಾಗಲ್ವಲ್ಲ, ಹಾಗಾಗಿ ನಾನು ಹೇಳೋದು ಏನಂದ್ರೆ ಪಿಯುಸಿಯಿಂದಲೇ ದಿನಾ ಒಂದು ಇಂಗ್ಲಿಷ್ ಪೇಪರ್ ಓದೋ ಅಭ್ಯಾಸ ಇದ್ರೆ ಸಿಜಿಎಲ್ ಕಡೆ ಹೋಗಿ, ಇಲ್ದಿದ್ರೆ ಮೊದ್ಲು ರಾಜ್ಯದ್ದು ಹಿಡೀರಿ. ಕೆಪಿಎಸ್‌ಸೀಲಿ ಕಡ್ಡಾಯ ಕನ್ನಡ ಪೇಪರ್ ಇರುತ್ತೆ, 150 ಅಂಕದ್ದು, ಕನಿಷ್ಠ 50 ಬರ್ಬೇಕು, ನಮ್ಮೋರಿಗೆ ಅದು ಭಯ ಇಲ್ಲ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಗೆ ಸೇರಿಕೊಂಡು ಆಮೇಲೆ ಲೆಕ್ಕಪತ್ರದ ಕಡೆ ಪರೀಕ್ಷೆ ಬರೆದೋರೂ ಇದಾರೆ, ಒಳಗಿದ್ದು ಅಕೌಂಟ್ಸ್ ಹೈಯರ್ ಇಲಾಖಾ ಪರೀಕ್ಷೆಗೆ ಓದುವಾಗ ಆರ್ಥಿಕ ಸಂಹಿತೆ, ಖಜಾನೆ ಸಂಹಿತೆ ಎಲ್ಲ ಕೈಗೆ ಹತ್ತುತ್ತೆ, ಅದು ದೊಡ್ಡ ಲಾಭ.

ಪರೀಕ್ಷೆಗಿಂತ ಕಾಗದಪತ್ರದಲ್ಲಿ ಸೀಟು ಕಳ್ಕೊಂಡೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಒಂದರಿಂದ ಹತ್ತನೇ ತರಗತಿ ತನಕ ಹಳ್ಳೀಲಿ ಓದಿದ್ರೆ ಗ್ರಾಮೀಣ ಮೀಸಲಾತಿ ಇದೆ, ಶೇಕಡ 25. ಕನ್ನಡ ಮಾಧ್ಯಮದಲ್ಲಿ ಓದಿದ್ರೆ ಶೇಕಡ 5. ಇದಕ್ಕೆ ಶಾಲೆ ಮುಖ್ಯ ಶಿಕ್ಷಕರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು, ಕೆಲವರು ಐದನೇ ಕ್ಲಾಸ್ ತನಕ ತೋಟದ ಹತ್ರದ ಶಾಲೇಲಿ, ಆಮೇಲೆ ಅಜ್ಜಿ ಮನೇಲಿದ್ದು ಇನ್ನೊಂದು ತಾಲ್ಲೂಕಲ್ಲಿ ಓದಿರ್ತಾರೆ, ಎರಡೂ ಕಡೆ ಓಡಾಡ್ಬೇಕು, ಅಷ್ಟರಲ್ಲಿ ಹಳೇ ಶಾಲೆ ಮುಚ್ಚಿರುತ್ತೆ, ದಾಖಲೆ ಎಲ್ಲಿದೆ ಅಂತ ಹುಡುಕೋದ್ರಲ್ಲೇ ಕೊನೇ ದಿನಾಂಕ ಹೋಗುತ್ತೆ. ಪ್ರಮಾಣಪತ್ರದ ತಾರೀಖು ಅರ್ಜಿಯ ಕೊನೇ ದಿನದ ಒಳಗೇ ಇರ್ಬೇಕು ಅಂತ ಕೇಳ್ತಾರೆ. ಅದಕ್ಕೇ ಅಧಿಸೂಚನೆ ಬರೋಕೆ ಮುಂಚೆನೇ ಮಾಡಿಸಿ ಇಟ್ಕೊಳ್ಳಿ, ನಾಡಕಚೇರಿಯಿಂದ ಜಾತಿ ಆದಾಯದ್ದೂ ಅಷ್ಟೇ.

ಹಾಸನದೋರು ಮರೆಯೋ ಇನ್ನೊಂದಿದೆ. ಶೆಟ್ಟಿಹಳ್ಳಿ ಚರ್ಚ್ ನೀರಲ್ಲಿ ಮುಳುಗೋದು ನೋಡೋಕೆ ನೀವೆಲ್ಲ ಮಳೆಗಾಲದಲ್ಲಿ ಬರ್ತೀರಲ್ಲ, ಆ ಗೊರೂರು ಹೇಮಾವತಿ ಹಿನ್ನೀರಲ್ಲಿ ಮನೆ ಜಮೀನು ಕಳ್ಕೊಂಡ ಕುಟುಂಬಗಳು ತುಂಬಾ ಇವೆ. ಗ್ರೂಪ್ ಸಿ ಹುದ್ದೆಗಳಲ್ಲಿ ಯೋಜನಾ ನಿರಾಶ್ರಿತರು ಅಂತ ಮೀಸಲಾತಿ ಇದೆ. ತಾತನ ಕಾಲದ ಭೂಸ್ವಾಧೀನದ ಕಾಗದ ಟ್ರಂಕಲ್ಲಿ ಇದ್ರೂ ಅದು ಮೊಮ್ಮಗಳ ಕೆಲಸಕ್ಕೆ ಬರ್ಬಹುದಾ ಅಂತ ಯಾರೂ ಕೇಳೋದೇ ಇಲ್ಲ. ಕೇಳಿ. ತಹಶೀಲ್ದಾರ್ ಕಚೇರೀಲಿ ನಿಯಮ ಏನಿದೆ ಅಂತ ಬರೆಸ್ಕೊಂಡೇ ಬನ್ನಿ.

ಆಡಿಟರ್ ಅಲ್ದೆ ಬೇರೆ ಲೆಕ್ಕದ ಕೆಲಸ ಬೇಕು ಅನ್ನೋರು ಸರ್ಕಾರದಲ್ಲಿ ಫೈನಾನ್ಷಿಯಲ್ ಅನಲಿಸ್ಟ್ (ಹಣಕಾಸು ವಿಶ್ಲೇಷಕ) ಅನ್ನೋ ಹೆಸರಿನ ಕಾಯಂ ಹುದ್ದೆ ಹುಡುಕ್ಬೇಡಿ, ಆ ಹೆಸರಲ್ಲಿ ಬರೋದು ಹೆಚ್ಚಾಗಿ ಗುತ್ತಿಗೆ ಕೆಲಸ, ಎಂಬಿಎ ಫೈನಾನ್ಸ್, ಅನುಭವ ಎಲ್ಲ ಕೇಳ್ತಾರೆ. ಅಂಕಿಸಂಖ್ಯೆ ಇಷ್ಟ ಇರೋರು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಹುದ್ದೆ ನೋಡ್ಬಹುದು, ಅದಕ್ಕೆ ಡಿಗ್ರೀಲಿ ಸಂಖ್ಯಾಶಾಸ್ತ್ರನೋ ಅರ್ಥಶಾಸ್ತ್ರನೋ ಗಣಿತನೋ ಓದಿದ್ರೆ ಅನುಕೂಲ.

ಓದೋ ಸಮಯದ ಬಗ್ಗೆ ಒಂದು ಮಾತು. ನಮ್ ಕಡೆ ಡಿಸೆಂಬರಿಂದ ಫೆಬ್ರವರಿ ತನಕ ಕಾಫಿ ಹಣ್ಣು ಕುಯ್ಲು, ಮನೇಲಿ ಎಲ್ರ ಕೈಗೂ ಕೆಲಸ, ಕಣದಲ್ಲಿ ಹಣ್ಣು ಒಣಗಿಸೋವಾಗ ಓದು ಅಂದ್ರೆ ಯಾರು ಬಿಡ್ತಾರೆ. ಜುಲೈ ಆಗಸ್ಟಲ್ಲಿ ಮಳೆಗೆ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಆನ್‌ಲೈನ್ ಕ್ಲಾಸ್ ನಂಬ್ಕೊಂಡ್ರೆ ಆಗಲ್ಲ. ಅದಕ್ಕೆ ಮಳೆಗಾಲಕ್ಕೆ ಅಂತಲೇ ಪುಸ್ತಕ, ಹಳೇ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕ್ಸಿ ಇಟ್ಕೊಂಡಿರ್ಬೇಕು, ಮಾಕ್ ಟೆಸ್ಟ್ ಎಲ್ಲ ಮಾರ್ಚಿಂದ ಮೇ ಒಳಗೆ ಮುಗಿಸ್ಕೋಬೇಕು. ಹಾಸನದ ಲೈಬ್ರರೀಲಿ ಹೋಗಿ ಕೂತು ಓದೋರು ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರ್ತಾರೆ, ಅದೂ ಒಳ್ಳೇದೇ.

ಮತ್ತೆ ನಿಮ್ಮ ಪರಿಚಯದ ಹುಡುಗಿ ಬಿಕಾಂ ಕೊನೇ ವರ್ಷ ಅಂದ್ರಲ್ಲ, ಅವಳಿಗೆ ಈ ಸೆಪ್ಟೆಂಬರಲ್ಲಿ ಅವರ ಊರಿನ ಡೈರಿ ಮಹಾಸಭೆಗೆ ಅಮ್ಮನ ಜೊತೆ ಹೋಗೋಕೆ ಹೇಳಿ. ಅಲ್ಲಿ ಆಡಿಟ್ ವರದಿ ಓದ್ತಾರೆ, ಹೆಚ್ಚಿನವ್ರು ಊಟಕ್ಕೆ ಕಾಯ್ತಾ ಕೂತಿರ್ತಾರೆ. ಅಮ್ಮ ಸದಸ್ಯರಾಗಿದ್ರೆ ಅವರ ಹೆಸರಲ್ಲೇ ಒಂದು ಪ್ರತಿ ಕೇಳಿ ಇಸ್ಕೊಂಡು ಬರ್ಲಿ, ಆಕ್ಷೇಪಣೆ ಏನೇನು ಬರೆದಿದಾರೆ, ಸಂಘದೋರು ಅದಕ್ಕೆ ಅನುಪಾಲನಾ ವರದಿ, ಅಂದ್ರೆ ಸರಿಪಡಿಸಿದ ಉತ್ತರ, ಏನು ಕೊಟ್ಟಿದಾರೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದ್ಲಿ. ಅರ್ಥ ಆಗದೇ ಇರೋದಕ್ಕೆ ಗುರುತು ಹಾಕ್ಕೊಂಡು ನನಗೆ ಫೋನ್ ಮಾಡ್ಸಿ, ಕೂತು ಒಂದೊಂದೇ ಹೇಳ್ಕೊಡ್ತೀನಿ.