ಪ್ರತಿಕ್ರಿಯೆ: ಗಂಟೆಗೊಮ್ಮೆ ನಿಲ್ಲುವ 1972ರ ಎಂಜಿಬಿ, ಮುಂದಿರುವ 1,500 ಕಿ.ಮೀ. ಪಯಣ

ದೂರದ ಪಯಣಕ್ಕೆ ಮುಂಚೆ ನಿಮ್ಮ ಎಂಜಿಬಿ (ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಯಾಕೆ ಹೀಗೆ ನಿಲ್ಲುತ್ತಿದೆ ಎಂದು ಕೇಳಿದ್ದೀರಿ. ಒಂದು ಗಂಟೆ ಓಡಿ ತಟ್ಟನೆ ನಿಲ್ಲುವುದು, ಅರ್ಧ ಗಂಟೆ ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುವುದು ಅಂದರೆ ಹೆಚ್ಚಾಗಿ ಬಿಸಿಗೆ ಕೈಕೊಡುವ ಕಂಡೆನ್ಸರ್ (ಕಿಡಿಯ ಸರ್ಕ್ಯೂಟಿನ ಒಂದು ಸಣ್ಣ ಬಿಡಿಭಾಗ) ಅಥವಾ ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ). ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತಿದೆ ಎಂಬ ನಿಮ್ಮ ಅನುಮಾನ ತಪ್ಪೆಂದು ಗಾಡಿ ನೋಡದೆ ಹೇಳಲಾರೆ. ಆದರೆ ಎಂಜಿಬಿಯ ಪಂಪ್ ಹಿಂದೆ, ಟ್ಯಾಂಕ್ ಕಡೆ ಇದ್ದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಆ ಸಾಧ್ಯತೆ ಕಡಿಮೆ.

ಮುಂದಿನ ಸಲ ನಿಂತ ಕೂಡಲೇ, ಬಿಸಿ ಇರುವಾಗಲೇ ನೋಡಿ. ಮೊದಲು ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋದರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ. ಇಲ್ಲವಾದರೆ ಮುಚ್ಚಳ ಬಿಗಿ ಮಾಡಿ, ಸ್ಪೇರ್ ಸ್ಪಾರ್ಕ್ ಪ್ಲಗ್ ಒಂದನ್ನು ಪ್ಲಗ್‌ ವೈರ್‌ಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿಟ್ಟು ಸ್ಟಾರ್ಟರ್ ತಿರುಗಿಸಿ. ಕೈಯಲ್ಲಿ ಹಿಡಿಯಬೇಡಿ. ಕಿಡಿ ಇಲ್ಲದಿದ್ದರೆ ಅಥವಾ ಮಂಕಾಗಿ ಹಳದಿಯಾಗಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಆಮೇಲೆ ಕಾಯಿಲ್. ಕಿಡಿ ಚೆನ್ನಾಗಿದ್ದರೆ ಮಾತ್ರ, ಪಂಪ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದರ ಟಿಕ್ ಟಿಕ್ ಸದ್ದಿಗೆ ಕಿವಿಗೊಡಿ.

ಹೊಸ ಕಂಡೆನ್ಸರ್‌ಗಳೂ ಕೆಲವೊಮ್ಮೆ ಬೇಗ ಹಾಳಾಗುತ್ತವೆ. ಎರಡು ಇಟ್ಟುಕೊಳ್ಳಿ. ಜೊತೆಗೆ ಪಾಯಿಂಟ್ಸ್ (ಕಾಯಿಲ್‌ನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್), ರೋಟರ್ (ಕಿಡಿಯನ್ನು ಒಂದೊಂದು ಪ್ಲಗ್‌ಗೆ ಹಂಚುವ ಭಾಗ), ಕಾಯಿಲ್ ಇರಲಿ. ಪಾಯಿಂಟ್ಸ್ ಗ್ಯಾಪ್ 0.35ರಿಂದ 0.40 ಮಿ.ಮೀ. ಬದಲಿಸಿದ ಮೇಲೆ ಮನೆ ಹತ್ತಿರವೇ ಎರಡು ಗಂಟೆ ನಿಲ್ಲಿಸದೆ ಓಡಿಸಿ ನೋಡಿ. ಆಮೇಲೆ ಹೊರಡಿ.