ಚಂದ್ರಶೇಖರ್: ಅಡ್ಡಹೆಸರೋ, ಇಟ್ಟ ಹೆಸರೋ?

ಚಂದ್ರಶೇಖರ್ ಎಂಬುದನ್ನು ಪುಸ್ತಕದ ಕೊನೆಯ ನಾಮಸೂಚಿಯಲ್ಲಿ ಅಡ್ಡಹೆಸರೆಂದು, ಅಂದರೆ ಮನೆತನದ ಹೆಸರೆಂದು ಸೇರಿಸಬೇಕೋ, ಇಟ್ಟ ಹೆಸರೆಂದೋ ಎಂದು ಕೇಳಿದ್ದೀರಿ. ಒಂದು ಸಂಸ್ಮರಣ ಗ್ರಂಥಕ್ಕೆ ನಾಮಸೂಚಿ ಸಿದ್ಧಪಡಿಸುವಾಗ ನನಗೂ ಇದೇ ಹೆಸರು ಎದುರಾಗಿತ್ತು. ಕೊನೆಯ ಪದವೇ ಅಡ್ಡಹೆಸರೆಂಬ ನಿಯಮವನ್ನು ಎಲ್ಲರಿಗೂ ಅನ್ವಯಿಸಿ, ಆ ಪದಗಳನ್ನಷ್ಟೇ ಅಕಾರಾದಿಯಾಗಿ ಜೋಡಿಸಿ, ಉಳಿದ ಇನಿಷಿಯಲ್‌ಗಳು ಅನಗತ್ಯವೆಂದು ತೆಗೆದುಹಾಕಿದೆ. ಕೆಲಸ ಕೆಟ್ಟದ್ದು ಅಲ್ಲಿಯೇ. 1983ರ ನೊಬೆಲ್ ಪುರಸ್ಕೃತ ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್, 1971ರ ಓವಲ್ ಟೆಸ್ಟ್‌ನಲ್ಲಿ 38 ರನ್‌ಗಳಿಗೆ 6 ವಿಕೆಟ್ ಕಿತ್ತ ಬಿ. ಎಸ್. ಚಂದ್ರಶೇಖರ್, 1990ರಲ್ಲಿ ಪ್ರಧಾನಿಯಾದ ಚಂದ್ರಶೇಖರ್, ಈ ಮೂವರ ಪುಟಸಂಖ್ಯೆಗಳೂ ಒಂದೇ ನಮೂದಿನಲ್ಲಿ ಬೆರೆತು ಅಚ್ಚಾದವು. ಆ ಹಾಳೆಗಳನ್ನು ನನ್ನ ಖರ್ಚಿನಲ್ಲಿಯೇ ಮತ್ತೆ ಮುದ್ರಿಸಿಕೊಡಬೇಕಾಯಿತು. ಸಂಪಾದಕರು ಆಮೇಲೆ ನನಗೆ ಕೆಲಸ ಕೊಡಲಿಲ್ಲ.

ಪ್ರತಿ ಹೆಸರಿನಲ್ಲಿಯೂ ಅಡ್ಡಹೆಸರು ಇದ್ದೇ ಇರುತ್ತದೆ ಎಂಬ ನಿಮ್ಮ ಊಹೆಯನ್ನು ನಾನು ಒಪ್ಪುವುದಿಲ್ಲ. ವಿಜ್ಞಾನಿಯ ಹೆಸರಿನಲ್ಲಿ ಸುಬ್ರಹ್ಮಣ್ಯನ್ ಎಂಬುದು ತಂದೆಯದು; ಚಂದ್ರಶೇಖರ್ ಎಂಬುದು ಅವರಿಗಿಟ್ಟ ಹೆಸರು, ಅದೂ ಅಜ್ಜನ ಹೆಸರು. ಆ ಅಜ್ಜನೇ ಸಿ. ವಿ. ರಾಮನ್ ಅವರ ತಂದೆಯಾದ್ದರಿಂದ, ರಾಮನ್ ಅವರ ಹೆಸರಿನ ಮೊದಲ ‘ಸಿ’ ಕೂಡ ಇದೇ ಚಂದ್ರಶೇಖರ. ಇನ್ನು ವಿಜ್ಞಾನಿಯ ಪತ್ನಿ ಲಲಿತಾ ಚಂದ್ರಶೇಖರ್ ಅವರಿಗೆ ಅದು ಪತಿಯ ಹೆಸರಾಗಿ ಕೊನೆಗೆ ಸೇರಿಕೊಂಡಿತು. ಒಂದೇ ಮನೆತನದಲ್ಲಿ ಒಂದೇ ಹೆಸರು ಹೀಗೆ ಸ್ಥಾನ ಬದಲಿಸುತ್ತಿರುವಾಗ, ಅದು ಯಾವ ಬಗೆಯದೆಂದು ಒಮ್ಮೆಗೇ ತೀರ್ಮಾನಿಸಲು ಹೊರಡುವುದೇ ವ್ಯರ್ಥ.

ಆದ್ದರಿಂದ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ನೋಡಿ. ‘ಚಂದ್ರಶೇಖರ್, ಎಸ್., ಖಭೌತವಿಜ್ಞಾನಿ’, ‘ಚಂದ್ರಶೇಖರ್, ಬಿ. ಎಸ್., ಕ್ರಿಕೆಟಿಗ’ ಎಂದು ಇನಿಷಿಯಲ್ ಹಾಗೂ ವೃತ್ತಿಯೊಡನೆ ನಮೂದಿಸಿ. ಪ್ರಧಾನಿಯವರಿಗೆ ಪದವಿಯನ್ನು ಸೇರಿಸಿದರೆ ಸಾಕು. ಚಂದ್ರಶೇಖರ ಕಂಬಾರರಲ್ಲಿ ಕಂಬಾರ ಎಂಬುದು ನಿಜವಾಗಿಯೂ ಅಡ್ಡಹೆಸರಾದ್ದರಿಂದ ಅವರನ್ನು ‘ಕ’ದಲ್ಲಿ ಇಟ್ಟು, ‘ಚ’ದಲ್ಲಿ ‘ಕಂಬಾರ ನೋಡಿ’ ಎಂದು ಬರೆಯಿರಿ. ಚಂದ್ರಶೇಖರ ಆಜಾದ್ ಅವರ ಮನೆತನದ ಹೆಸರು ತಿವಾರಿ, ಆಜಾದ್ ತಾವೇ ಹೊತ್ತ ಹೆಸರು. ಓದುಗರು ಅವರನ್ನು ತಿವಾರಿ ಎಂದು ಎಂದೂ ಹುಡುಕುವುದಿಲ್ಲವಾದ್ದರಿಂದ ‘ಆ’ದಲ್ಲಿ ಮುಖ್ಯ ನಮೂದು, ‘ಚ’ದಲ್ಲಿ ಒಂದು ಸೂಚನೆ ಇದ್ದರೆ ಸಾಕು.